ಬ್ಯುರೆಟ್‌ನೊಳಗೆ ಉಳಿದ ನೀರು

ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವಳಿಗೂ ಒಂದು ಹೆಸರಿತ್ತು. ಆದರೆ ಪ್ರಿನ್ಸಿಪಾಲರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರ ಬಾಯಲ್ಲೂ ಅವಳು ಗಾಜಮ್ಮ. ಮೊದಲ ವರ್ಷದ ಮಕ್ಕಳು ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಳಸಿ ಬಿಟ್ಟ ಗಾಜಿನ ಸಾಮಾನು ತೊಳೆಯುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದಳು.

ಆ ಲ್ಯಾಬಿನ ತೊಟ್ಟಿ ನೋಡಿದರೆ ಯಾರಿಗಾದರೂ ಹೊಟ್ಟೆ ತೊಳಸಬೇಕು. ತಳದಲ್ಲಿ ನೀಲಿ ಗಸಿ, ಕೊಳೆತ ಮೊಟ್ಟೆಯಂತೆ ನಾರುವ ಟೆಸ್ಟ್‌ಟ್ಯೂಬುಗಳು, ನಡುವೆ ಯಾರೋ ಅಗಿದು ಉಗಿದ ಚ್ಯೂಯಿಂಗ್ ಗಮ್ಮು. ಒಮ್ಮೆ ಸೋಸುವ ಕಾಗದದಲ್ಲಿ ಮೂಗು ಒರೆಸಿ, ಆಲಿಕೆಯೊಳಗೇ ತುರುಕಿ ಹೋಗಿದ್ದರು. ಅದನ್ನು ಎರಡು ಬೆರಳಲ್ಲಿ ಎಳೆದು ತೆಗೆಯುತ್ತ ಗಾಜಮ್ಮ, "ಥೂ, ಸೈಂಟಿಸ್ಟ್ ಆಗ್ತಾವಂತೆ ಇವು!" ಎಂದಿದ್ದಳು. ಆ ದಿನ ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ.

ತೊಳೆಯುವುದನ್ನು ಅವಳಿಗೆ ಕಲಿಸಿದವನು ಹಿಂದೆ ಅಲ್ಲಿದ್ದ ಮುದುಕ ಅಟೆಂಡರ್. ಸೋಪಿನ ಮೇಲೆ ನಲ್ಲಿ ನೀರು ಮೂರು ಸಲ, ಬಟ್ಟಿ ಇಳಿಸಿದ ನೀರು ಒಂದು ಸಲ. ಬ್ಯುರೆಟ್ ಎಂಬ ಉದ್ದನೆಯ ಅಳತೆ ಕೊಳವೆಗೆ ಇನ್ನೂ ಒಂದು ಸಲ, ಅದರಲ್ಲಿ ತುಂಬಬೇಕಾದ ದ್ರಾವಣದಿಂದಲೇ, ಬಾಯಿ ಮುಕ್ಕಳಿಸಿದ ಹಾಗೆ. ಆಮೇಲೆ ಬೆಳಕಿಗೆ ಹಿಡಿದು ನೋಡಬೇಕು. ನೀರು ಪರದೆಯಂತೆ ನುಣ್ಣಗೆ ಜಾರಿದರೆ ಗಾಜು ಶುದ್ಧ. ಹನಿ ಹನಿಯಾಗಿ ಅಂಟಿ ನಿಂತರೆ ಜಿಡ್ಡು ಇದೆ ಎಂದು ಅರ್ಥ. ಮನೆಯಲ್ಲೂ ಅವಳು ಲೋಟಗಳನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದಳು.

"ಅತ್ತೇ, ನಾನೂ ಒಂದ್ಸಲ ಬೆಳಕಿಗೆ ನಿಂತ್ಕೊಳ್ಲಾ? ಜಿಡ್ಡಿದ್ರೆ ಹೇಳಿಬಿಡಿ" ಎಂದು ಸೊಸೆ ಛೇಡಿಸುವಳು.

"ನಿನ್ನ ನಾಲಿಗೆ ಮೊದ್ಲು ತೋರ್ಸು, ಆಮೇಲೆ ಹೇಳ್ತೀನಿ."

ಆ ವರ್ಷ ಕಾಲೇಜಿನಲ್ಲಿ ಬಿಬಿಎ ಶುರುವಾಯಿತು. ಕತ್ತಿಗೆ ಟೈ ಬಿಗಿದ ಹುಡುಗರು ಬಂದರು. ಅವರ ಮೇಷ್ಟ್ರು, 'ಕೆಲಸದ ಜಾಗದಲ್ಲಿ ವ್ಯರ್ಥವಾಗುವ ಸಮಯ' ಎಂದು ಒಂದು ಪ್ರಾಜೆಕ್ಟ್ ಕೊಟ್ಟರು. ಮೂವರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಲ್ಯಾಬಿಗೆ ಬಂದು, ಗಾಜಮ್ಮನ ಬೆನ್ನ ಹಿಂದೆ ಮೊಬೈಲಿನಲ್ಲಿ ಸೆಕೆಂಡು ಎಣಿಸಿದರು.

"ಆಂಟಿ, ತೊಳೆದಿದ್ದನ್ನೇ ಯಾಕೆ ತೊಳೀತೀರಾ?"

"ನೀನು ಹಲ್ಲುಜ್ಜಿ ಒಂದೇ ಸಲ ಉಗೀತೀಯೇನಪ್ಪಾ?"

ಅವರು ನಕ್ಕರು, ಬರೆದುಕೊಂಡರು. ಹದಿನೈದು ದಿನಕ್ಕೆ ಬಣ್ಣದ ಚಿತ್ರಗಳಿದ್ದ ವರದಿ ಪ್ರಿನ್ಸಿಪಾಲರ ಮೇಜಿಗೆ ಹೋಯಿತು. ಒಮ್ಮೆ ತೊಳೆದರೆ ಸಾಕು, ಉಳಿದ ಹೊತ್ತಿನಲ್ಲಿ ಈಕೆಯೇ ಬಿಬಿಎ ಕೋಣೆಗಳನ್ನೂ ಗುಡಿಸಬಹುದು ಎಂದು ಅದರಲ್ಲಿತ್ತು. ಪ್ರಿನ್ಸಿಪಾಲರಿಗೆ ಅದು ಬಹಳ ಹಿಡಿಸಿತು. ಲ್ಯಾಬಿನ ಗೋಡೆಗೆ ನಿಯಮದ ಕಾಗದ ಅಂಟಿತು. ಗಾಜಮ್ಮ ಹೋಗಿ ತಕರಾರು ಮಾಡಿದ್ದಕ್ಕೆ, "ಇನ್ನೊಂದು ಸಲ ಬಂದ್ರೆ ಕಕ್ಕಸಿನ ಕೆಲಸಕ್ಕೆ ಹಾಕ್ತೀನಿ ನೋಡು" ಎಂದರು.

ಅಂದಿನಿಂದ ಅವಳು ಬಿಬಿಎ ಬೆಂಚುಗಳಡಿ ಕೂತು, ಒಣಗಿ ಕಲ್ಲಾದ ಗಮ್ಮನ್ನು ಚಾಕುವಿನಲ್ಲಿ ಕೆರೆದಳು. ಕೆಲವದರಲ್ಲಿ ಹಲ್ಲಿನ ಗುರುತು ಹಾಗೇ ಇತ್ತು. ಲ್ಯಾಬಿನಲ್ಲಿ ಗಾಜಿನ ಮೇಲೆ ಹನಿಗಳು ನಿಂತವು. ಅವನ್ನು ಕಂಡರೆ ಅವಳಿಗೆ ಮೈಯೆಲ್ಲ ಜಿಗುಟಾದ ಹಾಗೆ ಅನಿಸುತ್ತಿತ್ತು.

ಪ್ರಾಕ್ಟಿಕಲ್ ಪರೀಕ್ಷೆ ಬಂತು. ನಲವತ್ತು ಮಕ್ಕಳು. ಬ್ಯುರೆಟ್‌ಗಳಿಗೆ ಆಮ್ಲ ತುಂಬಿಡುವುದು ಗಾಜಮ್ಮನೇ.

"ಸಾರ್, ಆಮ್ಲದಲ್ಲಿ ಮುಕ್ಕಳಿಸಿಲ್ಲ, ಒಳಗೆ ನೀರು ಉಳ್ಕೊಂಡಿದೆ. ಆಮ್ಲ ತೆಳುವಾಗುತ್ತೆ, ಲೆಕ್ಕ ಜಾಸ್ತಿ ಬರುತ್ತೆ" ಎಂದು ಲ್ಯಾಬಿನ ಮೇಷ್ಟ್ರಿಗೆ ಹೇಳಿದಳು.

ಮೇಷ್ಟ್ರು ಬೀಕರಿನಲ್ಲಿ ಚಹಾ ಕುಡಿಯುತ್ತಿದ್ದರು. ಯಾವಾಗಲೂ ಬೀಕರಿನಲ್ಲೇ. "ನಂಗೇ ಪಾಠ ಹೇಳ್ತೀಯೇನಮ್ಮ? ತುಂಬು, ತುಂಬು."

ತುಂಬಿದಳು. ಹೊರಗಿನ ಪರೀಕ್ಷಕರು ಆಫೀಸಿನಲ್ಲಿ ತಿಂಡಿ ತಿನ್ನುವಾಗ, ಮೇಷ್ಟ್ರು ಸಾಲುಗಳ ನಡುವೆ ನಡೆಯುತ್ತ, ಕೆಮ್ಮಿದ ಹಾಗೆ ಮಾಡಿ, "ಹತ್ತು ಪಾಯಿಂಟ್ ಎರಡು, ಹತ್ತು ಪಾಯಿಂಟ್ ಎರಡು" ಎನ್ನುತ್ತ ಹೋದರು. ಇಷ್ಟು ಮಿಲಿಲೀಟರ್ ಆಮ್ಲ ಹಿಡಿಯಿತು ಎಂದು ಬರಬೇಕಾದ ಉತ್ತರ ಅದು. ಮಕ್ಕಳು ಬ್ಯುರೆಟ್‌ನ ನಲ್ಲಿಯನ್ನು ಸುಮ್ಮನೆ ತಿರುಗಿಸಿ ಅದನ್ನೇ ಬರೆದರು.

ಕೊನೆಯ ಬೆಂಚಿನ ಎರಡು ಜಡೆಯ ಹುಡುಗಿ ಮಾತ್ರ ಬರೆಯಲಿಲ್ಲ. ಇಡೀ ತರಗತಿಯಲ್ಲಿ ತಾನು ಬಳಸಿದ್ದನ್ನು ತಾನೇ ತೊಳೆದಿಡುತ್ತಿದ್ದವಳು ಅವಳೊಬ್ಬಳೇ. ಮೂರು ಸಲ ಮಾಡಿದಳು, ಮೂರು ಸಲವೂ ಹತ್ತು ಪಾಯಿಂಟ್ ಎಂಟು ಬಂತು. ಅದನ್ನೇ ಬರೆದು ಕೊಟ್ಟಳು. ಪರೀಕ್ಷಕರು ಒಳಗೆ ಬಂದು ನಲವತ್ತೂ ಹಾಳೆಗಳನ್ನು ನೋಡಿ, ಅವಳದೊಂದನ್ನು ಪಕ್ಕಕ್ಕೆ ಎಸೆದರು.

"ಇದೊಂದು ಫೇಲು."

ಹುಡುಗಿ ತೊಟ್ಟಿಯ ಹತ್ತಿರ ಬಂದು ನಿಂತಳು. "ಫೇಲಾದ್ರೆ ಕೆಮಿಸ್ಟ್ರಿ ಬಿಡಿಸಿ ಬಿಬಿಎಗೆ ಹಾಕ್ತೀನಿ ಅಂದಿದ್ದಾರೆ ಅಪ್ಪ. ಸರಿಯಾಗೇ ಮಾಡಿದ್ದೆ ಗಾಜಮ್ಮ. ನನ್ನ ಕೈಯೇ ಸರಿಯಿಲ್ಲ ಅನ್ಸುತ್ತೆ."

ಈ ತೊಟ್ಟಿಯಲ್ಲಿ ಗಾಜಮ್ಮ ಇಪ್ಪತ್ತಾರು ವರ್ಷ ಏನೇನೋ ಕಂಡಿದ್ದಳು. ಇಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ. ಬಾಯಿ ಬಿಟ್ಟರೆ ಕಕ್ಕಸಿನ ಕೆಲಸ ಎಂಬುದು ನೆನಪಾಯಿತು. ಸೆರಗಿಗೆ ಕೈ ಒರೆಸಿಕೊಂಡು ಪರೀಕ್ಷಕರ ಮೇಜಿನ ಮುಂದೆ ಹೋಗಿ ನಿಂತಳು.

"ಸಾರ್, ಆ ಮಗೂದು ತಪ್ಪಿಲ್ಲ. ಬ್ಯುರೆಟ್ ಸರಿಯಾಗಿ ತೊಳೀದೇ ತುಂಬಿಟ್ಟೋಳು ನಾನು. ತೊಳೆದು ಕೊಡ್ತೀನಿ, ಇನ್ನೊಂದ್ಸಲ ಮಾಡ್ಸಿ."

ಮೇಷ್ಟ್ರು ಎದ್ದೇಬಿಟ್ಟರು. "ಏಯ್, ನಿನ್ನ ಕೆಲ್ಸ ನೋಡ್ಕೋ ಹೋಗು!"

"ಅದನ್ನೇ ನೋಡ್ತಿರೋದು ಸಾರ್."

ಪರೀಕ್ಷಕರು ಕುತೂಹಲಕ್ಕೋ ಏನೋ ಒಪ್ಪಿದರು. ಗಾಜಮ್ಮ ಮುದುಕ ಕಲಿಸಿದ ಹಾಗೆ ಒಂದೊಂದಾಗಿ ಮುಗಿಸಿ, ಬೆಳಕಿಗೆ ಹಿಡಿದು, ಆಮ್ಲ ತುಂಬಿ ಕೊಟ್ಟಳು. ಪರೀಕ್ಷಕರ ಕಣ್ಣೆದುರೇ ಹುಡುಗಿಗೆ ಹತ್ತು ಪಾಯಿಂಟ್ ಎರಡು ಬಂತು. ಅವರು ಉಳಿದ ಮೂವತ್ತೊಂಬತ್ತು ಹಾಳೆಗಳ ಕಡೆ ನೋಡಿದರು.

"ಎಲ್ಲಾ ಬ್ಯುರೆಟ್ಟೂ ಹಾಗೇ ಸರಿಯಾಗಿ ತೊಳೆಯದೆ ತುಂಬಿದ್ದಾ?"

"ಎಲ್ಲಾನೂ ಸಾರ್."

"ಮತ್ತೆ ಇವರಿಗೆಲ್ಲ ಉತ್ತರ ಸರಿ ಬಂದದ್ದು ಹೇಗೆ ಸ್ವಾಮಿ?"

ಮೇಷ್ಟ್ರು ಫ್ಯಾನಿನ ರೆಕ್ಕೆ ನೋಡಿದರು. ಪರೀಕ್ಷಕರು ಗಡಿಯಾರ ನೋಡಿ, "ಇರ್ಲಿ, ಬಸ್ಸಿಗೆ ಹೊತ್ತಾಯ್ತು" ಎಂದು ಹುಡುಗಿಯನ್ನು ಪಾಸು ಮಾಡಿದರು. ಮೂವತ್ತೊಂಬತ್ತು ಜನರನ್ನೂ ಪಾಸು ಮಾಡಿದರು. ಮೇಷ್ಟ್ರು ಅವರಿಗೊಂದು ಬೀಕರು ಚಹಾ ಕೊಟ್ಟರು.

"ಆ ಬೀಕರು ಬೆಳಿಗ್ಗೆ ಸೀಸದ ದ್ರಾವಣಕ್ಕಿಟ್ಟಿದ್ದು ಸಾರ್. ಹೊಸ ನಿಯಮ, ಒಂದೇ ಸಲ ತೊಳೆದಿದ್ದೀನಿ" ಎಂದಳು ಗಾಜಮ್ಮ.

ಪರೀಕ್ಷಕರು ತುಟಿಯ ಹತ್ತಿರ ಹೋಗಿದ್ದ ಬೀಕರನ್ನು ಕೆಳಗಿಟ್ಟರು.

ಮಾರನೆಯ ದಿನ ಪ್ರಿನ್ಸಿಪಾಲರು ಕರೆಸಿದರು. ಮೇಷ್ಟ್ರು ಪಕ್ಕದಲ್ಲಿದ್ದರು. "ಹೊರಗಿನವರ ಮುಂದೆ ಕಾಲೇಜಿನ ಮಾನ ತೆಗೆದೆ. ಸೋಮವಾರದಿಂದ ನಿಂಗೆ ಕಕ್ಕಸಿನ ಕೆಲಸ."

"ಆಗ್ಲಿ ಸಾರ್. ಅಲ್ಲಿ ಕೊಳೆ, ಕೊಳೆ ಥರಾನೇ ಕಾಣ್ಸುತ್ತೆ."

ಅಷ್ಟು ಹೇಳಿ ಅವಳು ಲ್ಯಾಬಿಗೆ ಹಿಂತಿರುಗಿದಳು. ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತು. ಗೋಡೆಯ ಕಾಗದಕ್ಕೆ ಬೆನ್ನು ಹಾಕಿ ನಿಂತು, ಉಳಿದ ಮೂವತ್ತೊಂಬತ್ತು ಬ್ಯುರೆಟ್‌ಗಳನ್ನೂ ಮೂರು ಮೂರು ಸಲ ತೊಳೆದು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ತಲೆಕೆಳಗಾಗಿ ಸಿಕ್ಕಿಸಿಟ್ಟಳು.