ಕಂಡಕ್ಟರ್ ಇಲ್ಲದ ಬಸ್ಸು

ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದ. ಗದಗ, ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಬೆಳ್ಳಟ್ಟಿ, ಮುಂಡರಗಿ. ಈ ದಾರಿಯಲ್ಲಿ ಯಾವ ಮುದುಕಿ ಯಾವ ಸ್ಟಾಪಿನಲ್ಲಿ ಇಳಿಯುತ್ತಾಳೆ, ಯಾರು ಮಗಳ ಮನೆಗೆ ಹೊರಟಿದ್ದಾರೆ, ಯಾವ ಮಾಸ್ತರರು ಗಾಡಿ ಶಿರಹಟ್ಟಿ ದಾಟುವಷ್ಟರಲ್ಲಿ ನಿದ್ದೆಹೋಗುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನ ಹೆಮ್ಮೆ ಒಂದೇ. ಇಡೀ ಸರ್ವಿಸಿನಲ್ಲಿ ಚೆಕಿಂಗ್‌ನವರು ಎಷ್ಟು ಸಲ ಬಸ್ಸು ಹತ್ತಿದರೂ ಅವನ ಗಾಡಿಯಲ್ಲಿ ಟಿಕೆಟ್ ಇಲ್ಲದ ಒಬ್ಬನೇ ಒಬ್ಬ ಪ್ಯಾಸೆಂಜರ್ ಸಿಕ್ಕಿರಲಿಲ್ಲ. ನಿವೃತ್ತನಾಗಿ ಎರಡು ವರ್ಷವಾದರೂ ಬೆಟಗೇರಿಯ ನಮ್ಮ ಮನೆಗೆ ಯಾರೇ ಬರಲಿ, ಚಹಾ ಮುಗಿಯುವುದರೊಳಗೆ ಈ ಮಾತು ಬಂದೇ ಬರುತ್ತಿತ್ತು. ಅವ್ವ ಅಡಿಗೆಮನೆಯಿಂದಲೇ, "ಅವರಿಗೆ ಹೋದ ಸಲಾನೂ ಹೇಳೀರಿ," ಅನ್ನುತ್ತಿದ್ದಳು.

ನನಗೆ ಮಣ್ಣಿನ ವಿಜ್ಞಾನ ಓದಲು ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಸೀಟು ಸಿಕ್ಕಿತು. ಅಪ್ಪನ ತಮ್ಮ, ನನ್ನ ಕಾಕಾ, "ಎರಿ ಮಣ್ಣ ನೋಡಾಕ ಅಲ್ಲೀತನಕ ಯಾಕ ಹೋಗಬೇಕು, ಮುಳಗುಂದ ದಾಟಿದ್ರ ಸಾಕಲ್ಲ," ಎಂದು ನಕ್ಕ. ಆ ನಗುವಿನೊಳಗೆ 'ಹುಡುಗಿ, ಅದೂ ಒಬ್ಬಳೇ' ಎಂಬ ಮಾತು ಅಡಗಿತ್ತು. ಅಪ್ಪ ವಾದಕ್ಕೆ ಇಳಿಯಲಿಲ್ಲ. ಕೂತಿದ್ದವರೆಲ್ಲ ಎದ್ದುಹೋದ ಮೇಲೆ ನನ್ನನ್ನು ಕರೆದು, "ಓದಾಕ ಹೋಗು. ಎಲ್ಲಿ ಅದೀ ಅಂತ ಖರೆ ಹೇಳು, ಅಷ್ಟ ಸಾಕು ನನಗ," ಅಂದ. ನಾನು ಹೂಂ ಅಂದೆ.

ಹೂಂ ಅನ್ನುವ ಹೊತ್ತಿಗಾಗಲೇ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಕ್ಲಾಸು ಶುರುವಾಗುವುದಕ್ಕೆ ಇಪ್ಪತ್ತೆರಡು ದಿನ ಮೊದಲೇ ವಿಮಾನದ ಟಿಕೆಟ್ ತೆಗೆಸಿದೆ. ಮನೆಯಲ್ಲಿ ಮಾತ್ರ, ಹೋದ ಮರುದಿನವೇ ಕ್ಲಾಸು ಅಂದೆ. ಆ ಇಪ್ಪತ್ತೆರಡು ದಿನ ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ತಿರುಗುವ ಹುಚ್ಚು ನನಗೆ. ಹುಟ್ಟಿದಾಗಿನಿಂದ ಗದಗಿನಿಂದ ಮುಂಡರಗಿಯವರೆಗೆ ಯಾವ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ನಾನು ಕಂಡಕ್ಟರ್ ಮಗಳು. ಪಿಯುಸಿಯಲ್ಲಿದ್ದಾಗ ಲಕ್ಷ್ಮೇಶ್ವರದಲ್ಲಿ ಗೆಳತಿಯ ಜೊತೆ ಮಿರ್ಚಿ ಭಜಿ ತಿಂದದ್ದು, ನಾನು ಮನೆ ಮುಟ್ಟುವ ಮೊದಲೇ ಅಪ್ಪನಿಗೆ ಮುಟ್ಟಿತ್ತು. ಯಾರ ಮಗಳೂ ಅಲ್ಲದೆ ಒಂದಿಷ್ಟು ದಿನ ಇದ್ದು ನೋಡಬೇಕಿತ್ತು. ಕೇಳಿದರೆ ಬೇಡ ಅನ್ನುತ್ತಾರೆ ಎಂಬ ಖಾತ್ರಿ, ಅದಕ್ಕೇ ಕೇಳಲಿಲ್ಲ.

ದೊಡ್ಡ ಸೂಟ್‌ಕೇಸನ್ನು ಕಾಲೇಜಿನ ಊರಿನಲ್ಲಿ ಪರಿಚಯದ ಸೀನಿಯರ್ ಒಬ್ಬಳ ರೂಮಿನಲ್ಲಿಟ್ಟು ಹೊರಟೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಸ್ವೆಟರ್, ಅವ್ವ ಕಟ್ಟಿಕೊಟ್ಟ ಮೂವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮೂರನೇ ದಿನಕ್ಕೆ ರೊಟ್ಟಿ ಮೂವತ್ತೂ ಚೂರುಚೂರು. ಆ ಚೂರಿಗೆ ಮೊಸರು, ಚಟ್ನಿ ಕಲಸಿಕೊಂಡು ತಿನ್ನುತ್ತಿದ್ದೆ. ಪ್ರಾಗ್‌ನ ಪ್ರವಾಸಿಗರ ಹಾಸ್ಟೆಲಿನ ಅಡಿಗೆಮನೆಯಲ್ಲಿ ಸ್ಪೇನಿನ ಹುಡುಗಿಯೊಬ್ಬಳು ಇದನ್ನು ಚಿಪ್ಸ್ ಎಂದು ತಿಳಿದು ಕೈಹಾಕಿ, ಒಂದು ತುಂಡು ಕಡಿದು, ಹಲ್ಲು ಹಿಡಿದುಕೊಂಡಳು. ಆಮೇಲೆ ಚಟ್ನಿ ಹಚ್ಚಿ ಕೊಟ್ಟೆ. ಆರು ತುಂಡು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೂ ಇದೆಯಾ ಅಂದಳು.

ಮೊದಲ ವಾರ ಚೆನ್ನಾಗಿಯೇ ಇತ್ತು. ಬೆಳಗಾಗೆದ್ದು ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ನಾನೇ ತೀರ್ಮಾನಿಸುವುದು, ತಪ್ಪು ದಾರಿ ಹಿಡಿದರೆ ಯಾರಿಗೂ ವಿವರ ಕೊಡಬೇಕಾಗಿಲ್ಲದಿರುವುದು ಹೊಸ ಸುಖ. ವಿಯೆನ್ನಾದ ಹೊರಗಿನ ಗುಡ್ಡವೊಂದರ ಮೇಲೆ ದ್ರಾಕ್ಷಿ ತೋಟದ ಅಂಚಿನಲ್ಲಿ ಕೂತು ಮಣ್ಣು ಹಿಡಿದು ನೋಡಿದೆ. ಸಣ್ಣ ಕಲ್ಲು ಬೆರೆತ ಮಣ್ಣು, ಬೆರಳಿಗೆ ಅಂಟದ್ದು. ಅಲ್ಲೊಬ್ಬಳು ಅಜ್ಜಿ ಬಂದು ನನ್ನ ಪಕ್ಕ ಕೂತು, ಒಂದೂ ಮಾತಾಡದೆ ಒಂದು ದ್ರಾಕ್ಷಿ ಗೊಂಚಲು ಕೊಟ್ಟು ಹೋದಳು. ಯಾವ ಊರು, ಯಾರ ಪೈಕಿ ಎಂದು ಕೇಳಲಿಲ್ಲ. ಅದೇ ಬೇಕೆಂದು ಬಂದವಳಿಗೆ ಅಜ್ಜಿ ಇಳಿದುಹೋದ ಮೇಲೆ ಯಾಕೋ ಕೇಳಿದ್ದರೆ ಚೆನ್ನಾಗಿತ್ತು ಅನಿಸಿತು.

ಆಮೇಲೆ ಮಳೆ ಹಿಡಿಯಿತು. ಹೊಸ ಬೂಟು ಹಿಮ್ಮಡಿ ಕಚ್ಚಿ ಬೊಬ್ಬೆ ಎದ್ದಿತು. ಎಂಟು ಮಂದಿಯ ಕೋಣೆಯಲ್ಲಿ ಯಾರದೋ ಗೊರಕೆ, ಇನ್ಯಾರದೋ ಒದ್ದೆ ಕಾಲುಚೀಲ. ಒಂದು ಇಡೀ ದಿನ ಥ್ಯಾಂಕ್ಸ್ ಬಿಟ್ಟು ಬೇರೆ ಮಾತು ನನ್ನ ಬಾಯಿಂದ ಬರಲಿಲ್ಲ. ಮನೆ ನೆನಪಾಗುತ್ತಿತ್ತು, ಆದರೆ ಮನೆಯ ಫೋನ್ ಬಂದರೆ ಎತ್ತಲು ಭಯ. ಊರಲ್ಲಿ ಸಂಜೆ ಎಂಟಾಗುತ್ತಲೇ, ಅವ್ವ ಅಡಿಗೆಮನೆಯಲ್ಲಿರುವಾಗ, ಅಪ್ಪ ತಪ್ಪದೆ ವಿಡಿಯೋ ಕಾಲ್ ಮಾಡುತ್ತಿದ್ದ. ನನಗದು ಮಧ್ಯಾಹ್ನ ನಾಲ್ಕೂವರೆ. ನಾಲ್ಕು ಗಂಟೆಗೇ ನಾನು ಯಾವ ಊರೆಂದು ಗುರುತು ಸಿಗದಂಥ ಒಂದು ಬಿಳಿ ಗೋಡೆ ಹುಡುಕಿಕೊಂಡು ಹೋಗಬೇಕು. ಮೂರು ದೇಶದ ಬಿಳಿ ಗೋಡೆಗಳು ನನ್ನಷ್ಟು ಯಾರಿಗೂ ಗೊತ್ತಿರಲಿಕ್ಕಿಲ್ಲ.

"ಇವತ್ತ ಕ್ಲಾಸ ಆತೇನವಾ?"

"ಆತಪ್ಪಾ."

"ಏನ್ ಹೇಳಿಕೊಟ್ರು?"

ನಾನು ಧಾರವಾಡದಲ್ಲಿ ಡಿಗ್ರಿಗೆ ಓದಿದ್ದನ್ನೇ ಮತ್ತೆ ಹೇಳುತ್ತಿದ್ದೆ. ಅವನು ಹೌದೇನು, ಹೌದೇನು ಅನ್ನುತ್ತಾ ಪೂರ್ತಿ ಕೇಳುತ್ತಿದ್ದ. ಫೋನ್ ಇಟ್ಟ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿತ್ತು, ಊಟದ ಹೊತ್ತಿಗೆ ಮರೆತುಹೋಗುತ್ತಿತ್ತು.

ಹನ್ನೆರಡನೇ ದಿನ ಬುಡಾಪೆಸ್ಟ್‌ನಲ್ಲಿದ್ದೆ. ಅಲ್ಲಿಯವರೆಗೆ ಊರಿಂದೂರಿಗೆ ಹೋಗುವ ಬಸ್ಸಿಗೆ ಮೊಬೈಲಿನಲ್ಲೇ ಟಿಕೆಟ್ ತೆಗೆಯುತ್ತಿದ್ದೆ, ಊರೊಳಗೆ ನಡೆದೇ ತಿರುಗುತ್ತಿದ್ದೆ. ಆ ದಿನ ಹಿಮ್ಮಡಿ ನೆಲಕ್ಕೆ ಊರಲು ಬರುತ್ತಿರಲಿಲ್ಲ. ಎದುರಿಗೆ ಸಿಟಿ ಬಸ್ಸು ಬಂತು, ಹತ್ತಿದೆ. ನಾನು ಚಿಕ್ಕಂದಿನಿಂದ ಕಲಿತದ್ದು ಬಸ್ಸು ಹತ್ತುವ ಒಂದೇ ಪದ್ಧತಿ. ಮೊದಲು ಜಾಗ ಹಿಡಿ, ಚೀಲ ತೊಡೆಯ ಮೇಲಿಟ್ಟುಕೋ, ಚಿಲ್ಲರೆ ಕೈಯಲ್ಲಿ ರೆಡಿ ಇಟ್ಟುಕೊಂಡು ಸುಮ್ಮನೆ ಕೂತುಕೋ. ಕಂಡಕ್ಟರ್ ತಾನಾಗಿ ನಿನ್ನ ಹತ್ತಿರ ಬರುತ್ತಾನೆ. ಎದ್ದು ಅವನ ಹತ್ತಿರ ಹೋಗುವುದೆಂದರೆ ನೂಕುನುಗ್ಗಲಲ್ಲಿ ಅವನ ಕೆಲಸ ಕೆಡಿಸಿದಂತೆ. ಹಾಗೇ ಕೂತೆ. ಕಿಟಕಿಯಾಚೆ ಸೇತುವೆ ಬಂತು, ನದಿ ಬಂತು. ಕಂಡಕ್ಟರ್ ಮುಂದಿನ ಬಾಗಿಲ ಕಡೆ ಇರಬೇಕು, ಈಗ ಬರುತ್ತಾನೆ ಅಂದುಕೊಂಡೆ. ಪಾಪ, ಹೆಚ್ಚು ಮಂದಿ ಇದ್ದಾರೆ ಎಂದು ಅವನ ಪರವಾಗಿ ನೆಪವನ್ನೂ ಹೇಳಿಕೊಂಡೆ.

ನಾಲ್ಕನೇ ಸ್ಟಾಪಿನಲ್ಲಿ ಇಬ್ಬರು ಹತ್ತಿದರು, ಒಬ್ಬ ಹೆಂಗಸು, ಒಬ್ಬ ಗಂಡಸು, ತೋಳಿಗೆ ಪಟ್ಟಿ ಕಟ್ಟಿಕೊಂಡವರು. ಅವರು ಮಾತಾಡುವ ಮೊದಲೇ ನನಗೆ ಅರ್ಥವಾಯಿತು. ಚೆಕಿಂಗ್‌ನವರು ಬಸ್ಸು ಹತ್ತುವ ರೀತಿ ಎಲ್ಲ ದೇಶದಲ್ಲೂ ಒಂದೇ. ಬಸ್ಸಿನ ತುಂಬ ಒಂದು ಥರದ ಮೌನ ಹಬ್ಬುತ್ತದೆ. ನಾನು ಅಂಗೈಯಲ್ಲಿದ್ದ ನಾಣ್ಯ ತೋರಿಸಿ, ಕಂಡಕ್ಟರ್ ಬರಲೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆ ಹೆಂಗಸು ತಾಳ್ಮೆಯಿಂದಲೇ ಬಾಗಿಲ ಪಕ್ಕದ ಸಣ್ಣ ಡಬ್ಬಿಯೊಂದನ್ನು ತೋರಿಸಿದಳು. ಟಿಕೆಟ್ಟನ್ನು ಹತ್ತುವ ಮೊದಲೇ ಕೊಂಡಿರಬೇಕು, ಹತ್ತಿದ ಕೂಡಲೇ ಆ ಡಬ್ಬಿಯಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು. ಮುಂದಿನ ಸ್ಟಾಪಿನಲ್ಲಿ ನನ್ನನ್ನು ಇಳಿಸಿಕೊಂಡು, ದಂಡ ಹಾಕಿ, ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಬೈಯಲಿಲ್ಲ, ದನಿ ಏರಿಸಲಿಲ್ಲ. ಬೈದಿದ್ದರೆ ನಾನೂ ಜಗಳ ಕಾಯುತ್ತಿದ್ದೆ, ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಕುಂಟುತ್ತಾ ನದಿಯ ಪಕ್ಕದ ಬೆಂಚಿಗೆ ಬಂದು ಕೂತು ಅತ್ತೆ. ಮೂವತ್ತು ವರ್ಷ ಒಬ್ಬನನ್ನೂ ಬಿಡದವನ ಮಗಳು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದಿದ್ದಳು. ಅಳು ಇನ್ನೂ ನಿಂತಿರಲಿಲ್ಲ, ಫೋನ್ ಬಂತು. ಗೋಡೆ ಹುಡುಕಲು ಹೊತ್ತಿರಲಿಲ್ಲ, ವಿಡಿಯೋ ಬಂದ್ ಮಾಡಿ ಎತ್ತಿದೆ.

"ಇವತ್ತ ಕ್ಲಾಸ ಆತೇನವಾ?"

ಹನ್ನೊಂದು ದಿನ ತಾನಾಗಿಯೇ ಬಂದ ಉತ್ತರ ಆ ದಿನ ಬರಲಿಲ್ಲ.

"ಅಪ್ಪಾ, ನನ್ನ ಚೆಕಿಂಗ್‌ನವರು ಹಿಡದ್ರು," ಅಂದೆ. "ಬಸ್ಸಿನ್ಯಾಗ. ಟಿಕೆಟ್ ಇರಲಿಲ್ಲ."

"ಟಿಕೆಟ್ ಇರಲಿಲ್ಲಂದ್ರ? ಕಂಡಕ್ಟರ್ ಏನ್ ಮಾಡಾಕತ್ತಿದ್ದ?"

"ಇಲ್ಲಿ ಬಸ್ಸಿಗೆ ಕಂಡಕ್ಟರ್ ಇರೂದಿಲ್ಲಪ್ಪಾ."

ಇಷ್ಟು ದೊಡ್ಡ ಸುದ್ದಿ ಅಪ್ಪ ಕೇಳಿರಲಿಲ್ಲವೆಂದು ತೋರುತ್ತದೆ. "ಮತ್ತ ಮುದುಕ್ಯಾರಿಗೆ ಅವರ ಸ್ಟಾಪ್ ಬಂತಂತ ಯಾರ ಹೇಳ್ತಾರ?" ಅಂದ. ಅಳುತ್ತಲೇ ನನಗೆ ನಗು ಬಂತು. ಡಬ್ಬಿಯ ವಿಷಯ ಹೇಳಿದೆ. ನಾಣ್ಯ ಹಿಡಿದು ಕೂತದ್ದನ್ನೂ ಹೇಳಿದೆ. "ಕೈಯಾಗ ರೊಕ್ಕ ಹಿಡಕೊಂಡು ಕುಂತಾಕಿ ಕಳ್ಳಿ ಹೆಂಗ ಆಗ್ತಾಳ? ನನ್ನ ಗಾಡ್ಯಾಗ ಆಗಿದ್ರ ಅದು ಪ್ಯಾಸೆಂಜರ್ ತಪ್ಪಲ್ಲ, ಕಂಡಕ್ಟರ್ ತಪ್ಪು. ಅಳಬ್ಯಾಡ," ಎಂದು ತೀರ್ಪು ಕೊಟ್ಟ.

ಅಲ್ಲಿಗೇ ಮುಗಿಸಬಹುದಿತ್ತು. ಯಾವ ಊರಿನ ಬಸ್ಸು ಎಂದು ಅವನು ಕೇಳಲೇ ಇಲ್ಲ. ಆದರೆ ಅಷ್ಟು ಮೆತ್ತಗೆ ಮಾತಾಡಿದವನಿಗೆ ಮುಚ್ಚಿಡಲು ನನ್ನಿಂದ ಆಗಲಿಲ್ಲ. "ಅಪ್ಪಾ, ಇದು ನನ್ನ ಕಾಲೇಜಿನ ಊರಲ್ಲ. ಕ್ಲಾಸ್ ಇನ್ನೂ ಶುರು ಆಗಿಲ್ಲ. ಬಂದಾಗಿಂದ ಬರೇ ತಿರಗಾಕತ್ತೀನಿ," ಎಂದು ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಗೊತ್ತೈತಿ," ಅಂದ ಅಪ್ಪ.

"ಏನ್ ಗೊತ್ತೈತಿ?"

"ನಿನ್ನ ಸೀಟಿನ ಕಾಗದ ಝೆರಾಕ್ಸ್ ಮಾಡ್ಸಾಕ ಹೋದಾವ ನಾನ ಅಲ್ಲೇನು? ಅದರಾಗ ಕ್ಲಾಸ್ ಶುರು ಆಗೋ ತಾರೀಖ ಐತಿ. ಮೂವತ್ತ ವರ್ಷ ಸಾಲಿ ಹುಡುಗರ ಪಾಸಿನ ತಾರೀಖ ನೋಡೀನಿ. ಕಾಗದ ಕೈಯಾಗ ಬಂದ್ರ ಕಣ್ಣು ಮೊದಲು ಅಲ್ಲೇ ಹೋಗತೈತಿ."

ಹಾಗಾದರೆ ಬಿಳಿ ಗೋಡೆಯ ಮುಂದೆ ನಾನು ಒದರಿದ್ದನ್ನೆಲ್ಲ ಅವನು ಗೊತ್ತಿದ್ದೇ ಕೇಳುತ್ತಿದ್ದ. ನನಗೆ ಸಿಟ್ಟೂ ಬಂತು, ದುಃಖವೂ ಬಂತು. "ಗೊತ್ತಿದ್ರ ದಿನಾ ಯಾಕ ಕೇಳ್ತಿದ್ದಿ?"

"ಇವತ್ತರ ಹೇಳ್ತಾಳೇನೋ ಅಂತ."

ಅವನೇ ಮುಂದುವರಿಸಿದ. "ಮೊದಲ ಕೇಳಿದ್ರ ನಾ ಬ್ಯಾಡ ಅನಬೇಕಾಗ್ತಿತ್ತವಾ. ನಿಮ್ಮ ಕಾಕಾ, ನಿಮ್ಮವ್ವ, ಎಲ್ಲಾರಿಗೂ ನಾ ಏನಂತ ಹೇಳ್ಲಿ? ನೀ ಕೇಳಲಿಲ್ಲ, ನೋಡಿಕೊಂಡು ಬರ್ಲಿ ಅಂತ ನಾನೂ ಸುಮ್ನಾದೆ. ಹೋದ ಮ್ಯಾಲರ ಹೇಳ್ತಿ ಅನ್ಕೊಂಡಿದ್ದೆ."

"ತಪ್ಪಾತಪ್ಪಾ," ಅಂದೆ.

"ಆತು ಬಿಡು." ಆಮೇಲೆ ದನಿ ತಗ್ಗಿಸಿದ. "ನಿಮ್ಮವ್ವಗ ಇನ್ನೂ ಗೊತ್ತಿಲ್ಲ. ದಿನಾ ಉಣ್ಣಾಕ ಕುಂತಾಗ ಕೇಳ್ತಾಳ, ಮಗಳ ಕ್ಲಾಸ ಆತಂತೇನು ಅಂತ. ಆತಂತ ಅಂತೀನಿ. ಏನ್ ಕಲಿಸಿದ್ರಂತ ಅಂತಾಳ. ನೀ ಏನ್ ಹೇಳಿರ್ತಿ, ಅದನ್ನ ಹೇಳ್ತೀನಿ. ನನಗ ಇದು ರೂಢಿ ಇಲ್ಲವಾ. ಉಂಡದ್ದು ಇಳಿಯೂದಿಲ್ಲ."

ಟಿಕೆಟ್ಟಿನ ವಿಷಯದಲ್ಲಿ ನೆಂಟರಿಗೂ ಮುಲಾಜು ಮಾಡದ ಮನುಷ್ಯ, ಹನ್ನೊಂದು ದಿನ ನನ್ನ ಸುಳ್ಳನ್ನು ಬಾಯಿಪಾಠ ಮಾಡಿ ಅವ್ವನಿಗೆ ಒಪ್ಪಿಸಿದ್ದ. ದಂಡ ಬಿದ್ದಾಗ ಆಗದ ಸಂಕಟ ಆಗ ಆಯಿತು. ಅವ್ವನಿಗೆ ಫೋನ್ ಕೊಡು ಅಂದೆ. "ಈಗ ಬ್ಯಾಡ, ಆಕಿ ರೊಟ್ಟಿ ಬಡಿಯಾಕತ್ತಾಳ," ಎಂದು ಹಿಂಜರಿದ. ಕೊಡು ಅಂದೆ. ಹೊರಗೆ ಕೂತಿದ್ದವನು ಚಪ್ಪಲಿ ಬಿಟ್ಟು ಒಳಗೆ ಹೋದ ಸದ್ದಾಯಿತು, ರೊಟ್ಟಿ ಬಡಿಯುವ ಸದ್ದು ಹತ್ತಿರವಾಯಿತು, ನಿಂತಿತು.

"ಏನಂತ?" ಅಂದಳು ಅವ್ವ.

"ಅವ್ವಾ, ಅಪ್ಪಗ ಏನೂ ಅನಬ್ಯಾಡ," ಎಂದು ಶುರು ಮಾಡಿದೆ.