ಗೋಡೆಯ ಮೇಲಿನ ಮನುಷ್ಯ

ಇಸ್ತ್ರಿಯಮ್ಮನ ಅಂಗಡಿಯ ಹಿಂಗೋಡೆಗೆ ಒಬ್ಬ ಮನುಷ್ಯ ಒರಗಿ ನಿಂತಿದ್ದ. ನಿಜವಾದ ಮನುಷ್ಯನಲ್ಲ ಬಿಡಿ, ಅವಳ ಗಂಡ ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಬದುಕಿದ್ದಾಗ ಬಟ್ಟೆ ಮಡಿಸಿ ಮಡಿಸಿ ಸುಸ್ತಾದಾಗಲೆಲ್ಲ ಅದೇ ಜಾಗದಲ್ಲಿ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಇದ್ದಿಲ ಹೊಗೆ ಉಳಿದ ಗೋಡೆಯನ್ನೆಲ್ಲ ಕಪ್ಪು ಮಾಡಿ, ಅವನು ಮುಚ್ಚಿಕೊಂಡಿದ್ದಷ್ಟನ್ನು ಮಾತ್ರ ಬಿಟ್ಟಿತ್ತು. ತಲೆ, ಹೆಗಲು, ಸೊಂಟ, ಕಾಲು ಎಲ್ಲ ಮಾಸಲು ಬಿಳುಪಾಗಿ ಹಾಗೇ ಉಳಿದುಬಿಟ್ಟಿದ್ದವು. ಗೋಡೆಯ ಆ ಜಾಗಕ್ಕೆ ತಪ್ಪಿದ ಮಸಿ ಅವನ ಎದೆಯೊಳಗೆ ಹೋಗಿತ್ತು. ಕೆಮ್ಮಿ ಕೆಮ್ಮಿಯೇ ಸತ್ತ.

ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಇಸ್ತ್ರಿಯಮ್ಮ ಗೋಡೆಯ ಕಡೆ ತಿರುಗಿ "ಎದ್ರಾ?" ಅನ್ನುತ್ತಿದ್ದಳು. ಇದ್ದಿಲು ಕೆಂಪಾಗಿ ಹೊಗೆ ಸುತ್ತಿಕೊಂಡರೆ ಸಾಕು, ಬೆನ್ನ ಹಿಂದೆ ಅವನ ಕೆಮ್ಮು ಕೇಳಿಸುತ್ತಿತ್ತು. ಮೊದಲು ಎದೆ ಝಲ್ ಅನ್ನುತ್ತಿತ್ತು. ಆಮೇಲಾಮೇಲೆ ಅದಿಲ್ಲದೆ ಕೆಲಸವೇ ಸಾಗುತ್ತಿರಲಿಲ್ಲ. ಬೀದಿಯವರು ಕೇಳಿಯೂ ಕೇಳದ ಹಾಗಿದ್ದರು. ಪಾಪ, ಮುದುಕಿ ಗೋಡೆ ಜೊತೆ ಮಾತಾಡಿದರೆ ಯಾರ ಗಂಟು ಹೋಗುತ್ತೆ?

ಹೋಗುತ್ತಿದ್ದುದು ಮೊಮ್ಮಗಳ ಉಸಿರು. ಮಗಳು ಬಿಸ್ಕತ್ತು ಕಾರ್ಖಾನೆಗೆ ಹೋದರೆ ಮಗು ಸಂಜೆಯವರೆಗೂ ಇಸ್ತ್ರಿ ಮೇಜಿನ ಕೆಳಗೆ ಗೊಂಬೆಯ ಜೊತೆ ಸಂಸಾರ ಹೂಡಿಕೊಂಡಿರುತ್ತಿತ್ತು. ಚಳಿ ಶುರುವಾದ ಮೇಲೆ ಅದರ ಎದೆ ಸುಯ್ ಸುಯ್ ಅನ್ನತೊಡಗಿತು. ಡಾಕ್ಟರಮ್ಮ ಮುಲಾಜಿಲ್ಲದೆ ಹೇಳಿಬಿಟ್ಟಳು: "ಮೊದಲು ಹೊಗೆ ನಿಲ್ಸಿ. ಇನ್ನೊಂದ್ಸಲ ಹೀಗೆ ಉಸಿರು ಕಟ್ಟಿದ್ರೆ ಮಗು ಕೈಗೆ ಸಿಗಲ್ಲ."

ಮಗಳು ಮಾರನೆಯ ದಿನವೇ ಗ್ಯಾಸಿನ ಇಸ್ತ್ರಿಪೆಟ್ಟಿಗೆ ತಂದಳು. ಸಿಲಿಂಡರ್ ಹೊತ್ತು ತಂದವನು ಮಹಾ ಮಾತುಗಾರ. "ಇದು ಪ್ರೊಪೇನ್ ಅಂತ, ತಾಯಿ. ಬೆಂಕಿ ಅಂದ್ಮೇಲೆ ಗಾಳಿಗೆ ಒಂಚೂರು ಏನಾದ್ರೂ ಸೇರೇ ಸೇರುತ್ತೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಬೂದಿ ಇಲ್ಲ, ಕಣ್ಣುರಿ ಇಲ್ಲ, ಮಸಿ ಅನ್ನೋದು ಇಲ್ವೇ ಇಲ್ಲ ಅನ್ನಿ."

"ಹೊಗೆನೇ ಇಲ್ದೆ ಇದ್ರೆ ಉರೀತಿದೆ ಅಂತ ನಂಬೋದು ಹೇಗಪ್ಪಾ?" ಅಂದಳು ಇಸ್ತ್ರಿಯಮ್ಮ.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇವಳದು ಇಸ್ತ್ರಿಯ ಗುಣ. ಇದ್ದಿಲ ಪೆಟ್ಟಿಗೆಯನ್ನು ಬಾಗಿಲಲ್ಲಿ ನಿಂತು ತೂಗಿ, ಸಂದಿಯಿಂದ ಊದಿ ಕೆಂಡ ಎಬ್ಬಿಸಿದ ಕೈ, ಬಾಯಿ ಅವು. ಮೊದಲ ದಿನವೇ ಗ್ಯಾಸಿನ ಪೆಟ್ಟಿಗೆಯನ್ನೂ ತೂಗಲು ಹೋಗಿ ಕೊಳವೆ ಎಳೆದಳು. ಆಮೇಲೆ ಕೆನ್ನೆ ಉಬ್ಬಿಸಿ ಉಫ್ ಅಂತ ಊದಿ ಉರಿಯನ್ನೇ ಆರಿಸಿದಳು. "ಅಜ್ಜೀ, ಇದು ಹುಟ್ಟುಹಬ್ಬದ ಮೇಣದಬತ್ತಿ ಅಲ್ಲ!" ಅಂತ ಮಗು ನಕ್ಕಿತು. ಸಿಲಿಂಡರಿನವನು ಓಡಿಬಂದು ಕವಾಟ ಮುಚ್ಚಿ, ಬಾಗಿಲು ತೆರೆದಿಟ್ಟು, ಅರ್ಧ ಗಂಟೆ ಬೈದ.

ಚಳಿ ಕಳೆಯುವಷ್ಟರಲ್ಲಿ ಬೀದಿಗೇ ವ್ಯತ್ಯಾಸ ಗೊತ್ತಾಯಿತು. ಒಣಹಾಕಿದ ಬಟ್ಟೆಗೆ ಮಸಿ ಕೂರುತ್ತದೆಂದು ವರ್ಷಾನುಗಟ್ಟಲೆ ಜಗಳವಾಡಿದ್ದ ಎದುರುಮನೆಯಾಕೆಗೆ ಜಗಳಕ್ಕೆ ವಿಷಯವೇ ಇಲ್ಲದಂತಾಯಿತು. ಚರಂಡಿಯ ಬದಿಯ ಬೂದಿಗುಡ್ಡೆ ಕರಗಿತು. ಅಂಗಡಿ ಮುಂದಿನ ಮರದಲ್ಲಿ ಆ ಸಲ ಬಂದ ಚಿಗುರು ಹಸಿರಾಗಿಯೇ ಉಳಿಯಿತು. ಮಗುವಿನ ಎದೆಯ ಸುಯ್ ಸುಯ್ ನಿಂತಿತು.

ಎಲ್ಲರಿಗೂ ಒಳ್ಳೆಯದಾಯಿತು, ಇಸ್ತ್ರಿಯಮ್ಮನೊಬ್ಬಳಿಗೆ ಬಿಟ್ಟು. ಅವಳಿಗೆ ಕೆಮ್ಮು ಕೇಳಿಸುವುದು ನಿಂತುಹೋಗಿತ್ತು. "ಎದ್ರಾ?" ಅಂದರೆ ಗೋಡೆ ಬರೀ ಗೋಡೆ. ಅಂಗಡಿ ಬಿಕೋ ಅನ್ನುತ್ತಿತ್ತು. ಗಂಡ ಈಗ ಎರಡನೆಯ ಸಲ ಸತ್ತ ಹಾಗಾಯಿತು ಅವಳಿಗೆ.

ಒಂದು ಸಂಜೆ ಮಗಳು ಮಗುವನ್ನು ಕರೆದುಕೊಂಡು ಹೋದ ಮೇಲೆ ಅವಳು ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದಳು. ಶಟರನ್ನು ಮುಕ್ಕಾಲು ಎಳೆದು, ಉಳಿದಿದ್ದ ತೇವದ ಇದ್ದಿಲು ತುಂಬಿ ಹೊತ್ತಿಸಿದಳು. ಹೊಗೆ ಎದ್ದಿತು. ಮೇಜಿಗೂ ಗೋಡೆಗೂ ಬೆನ್ನು ಹಾಕಿ ಕಣ್ಣು ಮುಚ್ಚಿ ಕೂತಳು.

ಬೆನ್ನ ಹಿಂದೆ ಕೆಮ್ಮು ಕೇಳಿಸಿತು.

"ಬಂದ್ರಾ?" ಅಂದಳು. ಕಣ್ಣಲ್ಲಿ ನೀರು ಸುರಿಯಿತು. "ಎಷ್ಟು ದಿನ ಕಾಯಿಸಿದ್ರಿ!"

ಮತ್ತೆ ಕೆಮ್ಮು, ಈ ಸಲ ಉದ್ದಕ್ಕೆ.

"ಕೆಮ್ಮಿ, ಕೆಮ್ಮಿ. ನಾನು ಇಲ್ಲೇ ಇದೀನಲ್ಲ."

"ಅಜ್ಜೀ..."

ತಿರುಗಿದಳು. ಮೇಜಿನ ಕೆಳಗೆ ಮಗು ಗೊಂಬೆ ಅವುಚಿಕೊಂಡು ಮುದುರಿತ್ತು. ಅಮ್ಮ ಬೀದಿಯಲ್ಲಿ ಯಾರ ಹತ್ತಿರವೋ ಮಾತಿಗೆ ನಿಂತಾಗ ಮರೆತ ಗೊಂಬೆಗಾಗಿ ಶಟರ್ ಕೆಳಗೆ ನುಸುಳಿ ಬಂದಿತ್ತು. ತುಟಿ ನೀಲಿಗಟ್ಟಿತ್ತು. ಇಸ್ತ್ರಿಯಮ್ಮ ಕಿರುಚಿದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಮಗುವನ್ನು ಎತ್ತಿಕೊಂಡು, ಶಟರಿಗೆ ಹಣೆ ಒಡೆದುಕೊಂಡು, ಬೀದಿಗೆ ಬಿದ್ದಳು. ಹುಡುಕುತ್ತ ಬಂದ ಮಗಳು ಒಳಗಿನ ಕೆಂಡ ನೋಡಿದಳು.

"ಅಪ್ಪನ್ನ ತಿಂದಿದ್ದು ಸಾಲ್ದೇನಮ್ಮಾ ಆ ಹೊಗೆಗೆ?" ಅಂದಳು.

ಮಗು ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿ, ಕೊನೆಗೆ ಉಳಿದುಕೊಂಡಿತು. ಕೊಳವೆ ತೆಗೆದ ದಿನ ಇಸ್ತ್ರಿಯಮ್ಮ ಅಂಗಡಿಗೆ ಬಂದು ಮಿಕ್ಕ ಇದ್ದಿಲನ್ನೆಲ್ಲ ನೀರಿನ ಡ್ರಮ್ಮಿಗೆ ಸುರಿದಳು. ಬಕೆಟ್ಟಿನಲ್ಲಿ ಸುಣ್ಣ ಕಲಸಿದಳು. ಬಳಿಯುತ್ತೇನೆಂದು ಬಂದ ಮಗಳ ಕೈಗೆ ಕುಂಚ ಕೊಡಲಿಲ್ಲ. ಮೂಲೆಗಳಿಂದ ಶುರುಮಾಡಿ ಒಳಗೊಳಗೆ ಬಂದಳು. ಕಾಲು ಹೋಯಿತು, ಸೊಂಟ ಹೋಯಿತು, ಹೆಗಲು ಹೋಯಿತು. ತಲೆಯೊಂದು ಉಳಿದಾಗ ಸ್ಟೂಲ್ ಹತ್ತಿ ಕುಂಚ ಎತ್ತಿದಳು.

"ಕಣ್ಣು ಮುಚ್ಕೊಳ್ರೀ," ಅಂದಳು. "ಸುಣ್ಣ ಬೀಳುತ್ತೆ."