ಪಾಟಿಯ ಮೇಲೆ ಪುರಾಣ

ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕೂರಲು ಪೀಠವಿದೆ, ನನಗಿಲ್ಲ. ಶ್ರಾವಣದ ಸೋಮವಾರ ಮಧ್ಯಾಹ್ನ ಸೋಫಾ ಗೋಡೆಗೆ ಸರಿಯುತ್ತದೆ, ಜಮಖಾನೆ ಬೀಳುತ್ತದೆ, ನಾನು ಅಡುಗೆಮನೆಯ ಹೊಸ್ತಿಲಿಗೆ ಗಡೀಪಾರಾಗುತ್ತೇನೆ. ನಡುಮನೆಯಲ್ಲಿ ಕತ್ತರಿಯಂತೆ ಮಡಚುವ ಮರದ ವ್ಯಾಸಪೀಠ, ಅದರ ಮೇಲೆ ಪುರಾಣ, ಪುರಾಣದ ಹಿಂದೆ ನಮ್ಮ ಆಯಿ. ಆಯಿ ಅಂದರೆ ಅಪ್ಪನ ತಾಯಿ.

ಅಜ್ಜ ಕೇಂದ್ರ ಸರ್ಕಾರದ ಕಾರ್ಖಾನೆಗೆ ಸೇರಿ ಸಿಕಂದರಾಬಾದಿಗೆ ಬಂದಾಗ ಆಯಿಯ ಟ್ರಂಕಿನಲ್ಲಿ ಈ ಪುಸ್ತಕವೂ ಬಂತಂತೆ. ಅಂದಿನಿಂದ ಶ್ರಾವಣದಲ್ಲಿ ಓದುವವಳು ಅವಳೇ. ಕೇಳಲು ಬರುವವರೆಲ್ಲ ನಮ್ಮಂತೆ ಕನ್ನಡನಾಡಿನ ಉತ್ತರದ ಕಡೆಯಿಂದ ಬಂದ ಹೆಂಗಸರು. ತರಕಾರಿಯವನ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ ಮಾತಾಡಿ ದಣಿದ ನಾಲಿಗೆಯನ್ನು ಆ ಒಂದು ಮಧ್ಯಾಹ್ನ ಸಡಿಲ ಬಿಡುತ್ತಾರೆ. ಆಯಿ ಒಂದು ಸಾಲು ಓದುತ್ತಾಳೆ, ನಿಲ್ಲಿಸಿ ಅರ್ಥ ಹೇಳುತ್ತಾಳೆ, ಮತ್ತೆ ಓದುತ್ತಾಳೆ. ಹಾಳೆ ಸರಕ್ ಎಂದು ತಿರುವಿದಾಗ ಎಲ್ಲರೂ "ಶಿವಾ" ಎಂದು ಕಾಲು ಬದಲಿಸಿ ಕೂರುತ್ತಾರೆ. ಭಕ್ತಿಗೂ ಮೊಣಕಾಲಿಗೂ ಒಟ್ಟಿಗೇ ವಿರಾಮ.

ನನ್ನ ನಿಜವಾದ ಕಸುಬು ಅಣಕಿಸುವುದು. ಸಂಬಳ ಮಾತ್ರ ಬೇರೆ ಕೆಲಸಕ್ಕೆ ಬರುತ್ತದೆ: ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಗೇಟಿನ ಬಳಿ ನಿಂತು, ಯಾರೂ ಕೇಳಿಸಿಕೊಳ್ಳದ ಸೂಚನೆಗಳನ್ನು ಮೂರು ಭಾಷೆಯಲ್ಲಿ ಕೂಗುವುದು. ಮೇಲಧಿಕಾರಿಯ ಸೀನು, ಪೈಲಟ್ಟುಗಳ ಗೊಗ್ಗರು ದನಿ, ವಿಮಾನ ತಪ್ಪಿದವರ ಮೊದಲ ಅಳು, ಎಲ್ಲ ನನ್ನ ಗಂಟಲಲ್ಲಿವೆ. ಎಲ್ಲಕ್ಕಿಂತ ಹಳೆಯದು ಆಯಿಯ ಓದು. ಎಲ್ಲಿ ಎಳೆಯುತ್ತಾಳೆ, ಎಲ್ಲಿ ಕೆಮ್ಮುತ್ತಾಳೆ, ರಾಕ್ಷಸ ಬಂದಾಗ ಎಷ್ಟು ದಪ್ಪವಾಗುತ್ತಾಳೆ ಎಂದು ಮಾಡಿ ತೋರಿಸಿ ಹಬ್ಬಗಳಲ್ಲಿ ಹೋಳಿಗೆ ಗಿಟ್ಟಿಸಿದ್ದೇನೆ.

ಒಂದು ಆಷಾಢದಲ್ಲಿ ಆಯಿ ಊಟ ಮಾಡುತ್ತಾ, ಉಪ್ಪಿನಕಾಯಿ ಕೇಳುವ ದನಿಯಲ್ಲೇ ಹೇಳಿದಳು: "ಈ ಸಲ ಎದುರುಮನಿಯಾಕಿ ಓದ್ಲಿ. ನನಗ ಸಾಕು."

ಎದುರುಮನೆಯಾಕೆ ಮೈಸೂರಿನ ಕಡೆಯವರು, ಹೊಸದಾಗಿ ಬಂದವರು, ಒಳ್ಳೆಯವರು, ಚೆನ್ನಾಗಿ ಓದುತ್ತಾರೆ. ಅದೇ ತೊಂದರೆ.

"ಆಕಿ ಓದಿದ್ರ ವಾರ್ತಾ ಓದಿದಂಗ ಆಕ್ಕೈತಿ ಅಂತ ನೀನs ಅಂದಿದ್ಯಲ್ಲ?" ಎಂದೆ.

"ವಾರ್ತಾರೆ ಖರೇ ಇರ್ತೈತಿ. ನಾ ಹೋದ ವರ್ಷ ಓದೇ ಇಲ್ಲೋ. ಕಣ್ಣಿಗೆ ಅಕ್ಷರ ಕಾಣವಲ್ದು. ನಡುವ ಎಲ್ಲಾ ಮಂಜು. ಪುಸ್ತಕ ಮುಂದಿಟ್ಟುಕೊಂಡು ಬಾಯಿಲೆ ಹೇಳಿದೆ."

"ಯಾರಿಗೂ ಗೊತ್ತಾಗ್ಲಿಲ್ಲ."

"ನನಗ ಗೊತ್ತಾತಲ್ಲ. ನೆನಪು ಅನ್ನೋದು ಭಾಳ ಲುಚ್ಚಾ ಐತಿ. ಒಂದು ಕಡೆ ಬಿಡ್ತೈತಿ, ಒಂದು ಕಡೆ ತನ್ನದs ಸೇರಿಸ್ತೈತಿ. ಪುರಾಣದಾಗ ಇಲ್ಲದ್ದನ್ನ ಪುರಾಣ ಅಂತ ಹೇಳಿ ಕುಂಕುಮ ಹಚ್ಚಿಸಿಕೊಳ್ಳಾಕ ನನಗ ಮನಸ್ಸಿಲ್ಲ."

ಆ ದಿನ ಅಣಕಿಸಲು ನನಗೇನೂ ಸಿಗಲಿಲ್ಲ. ಆಯಿಗೆ ಆ ಪೀಠ ಬಿಟ್ಟರೆ ಉಳಿಯುವುದು ಮಾತ್ರೆಯ ಡಬ್ಬಿ, ಟಿವಿಯ ತೆಲುಗು ಧಾರಾವಾಹಿ. ಡಾಕ್ಟರು ಇರುವಷ್ಟು ನೋಟವನ್ನು ಕಾಪಾಡಿಕೊಳ್ಳಿ ಎಂದಿದ್ದರು. ಕಾಪಾಡಿದ ನೋಟದಲ್ಲಿ ಏನು ಮಾಡಬೇಕು ಎಂದು ಹೇಳಿರಲಿಲ್ಲ.

ಮೊದಲು ಭೂತಗನ್ನಡಿ ತಂದೆ. ಅದರಲ್ಲಿ ಒಂದು ಸಲಕ್ಕೆ ಒಂದು ಪದ ಮಾತ್ರ ಕಾಣುತ್ತಿತ್ತು. ಆಯಿ ಅದನ್ನು ಹಿಡಿದು ಮುಂದಿನ ಪದಕ್ಕೆ ಹೋಗುವಷ್ಟರಲ್ಲಿ ರಾಕ್ಷಸ ಮುದುಕನಾಗಿರುತ್ತಿದ್ದ. ಆಮೇಲೆ ಅವ್ವನ ಸಲಹೆಯಂತೆ ಪುಟಗಳನ್ನು ದೊಡ್ಡದು ಮಾಡಿ ಝೆರಾಕ್ಸ್ ತೆಗೆಸಿದೆವು. ಹಳೇ ಅಚ್ಚು ಹಿಗ್ಗಿ ಅಕ್ಷರಗಳಿಗೆ ಮೀಸೆ ಬಂದವು, ಫ್ಯಾನ್ ಹಾಕಿದೊಡನೆ ಅಧ್ಯಾಯಗಳು ಹಾರಿ ಫ್ರಿಜ್ಜಿನ ಅಡಿ ಸೇರಿದವು.

ನಮ್ಮ ಆಫೀಸಿನ ಗೆಳೆಯನೊಬ್ಬನಿಗೆ ಯಾರೋ ಪುಸ್ತಕ ಓದುವ ತೆಳ್ಳನೆಯ ಯಂತ್ರ, ಇ-ರೀಡರ್, ಉಡುಗೊರೆ ಕೊಟ್ಟಿದ್ದರು. ಅವನು ಅದರ ಮೇಲೆ ಚಹಾದ ಲೋಟ ಇಡುತ್ತಿದ್ದ. "ಒಯ್ಯಿ ಮಾರಾಯ" ಎಂದ. ಆಯಿಯ ಮುಂದೆ ಹಿಡಿದೆ. ಅವಳು ಬೆರಳಿನಿಂದ ಅಂಚು ಸವರಿದಳು.

"ಪಾಟಿ ತಂದೀಯಲ್ಲೋ. ಬಳಪ ಎಲ್ಲೈತಿ?"

ಅಂದಿನಿಂದ ಅದರ ಹೆಸರು ಪಾಟಿ. ನಮ್ಮ ಕಡೆ ಸ್ಲೇಟಿಗೆ ಹಾಗೆನ್ನುತ್ತಾರೆ. ನಾನು ಅದರಲ್ಲಿ ಯಾವುದೋ ಕನ್ನಡ ಕಥೆ ಇಳಿಸಿ ಅಕ್ಷರವನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು, ತೆರೆಯ ಮೇಲೆ ನಾಲ್ಕೇ ಸಾಲು ಉಳಿಯುವವರೆಗೆ. ಆಯಿ ತಲೆಯನ್ನು ಸ್ವಲ್ಪ ಓರೆ ಮಾಡಿ, ಮಂಜಿನ ಪಕ್ಕದಿಂದ ಇಣುಕಿದಳು. "ಅ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ರ. ಸ." ಅಲ್ಲಿದ್ದದ್ದು ಅರಸ. ಅವ್ವ ಒಲೆಯ ಮೇಲಿನ ಹಾಲನ್ನು ಮರೆತಳು.

ಆದರೆ ನಮ್ಮ ಪುರಾಣ ಪಾಟಿಯಲ್ಲಿ ಎಲ್ಲಿತ್ತು? ಪುಟಗಳ ಫೋಟೊ ತೆಗೆದು, ಫೋಟೊವನ್ನು ಅಕ್ಷರ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಫೋನೇ ಮಾಡುತ್ತದೆ, ಅರೆನಿದ್ದೆಯಲ್ಲಿ ನಕಲು ಮಾಡುವ ಹುಡುಗನಂತೆ. ಹಾಗಾಗಿ ತಿದ್ದಬೇಕು. ತಿದ್ದಲು ಕನ್ನಡ ಓದಲು ಬರಬೇಕು. ಇಲ್ಲಿ ನನ್ನ ಮಾನ ಹೋಗುವ ಭಾಗ ಶುರು.

ನಾನು ಕನ್ನಡವನ್ನು ಕಿವಿಯಿಂದ ಕಲಿತವನು. ಶಾಲೆಯಲ್ಲಿ ಓದಿದ್ದು ತೆಲುಗು. ತೆಲುಗು ಬಂದವನಿಗೆ ಅರ್ಧ ಕನ್ನಡ ಓದಲು ಬರುತ್ತದೆ. ಅಕ್ಷರಗಳು ಪರಿಚಯದವರ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಮೂಗು ಅದೇ, ಹೆಸರು ನಾಲಿಗೆಯ ತುದಿಯಲ್ಲಿ. ತೆಲುಗಿನ ತಲೆಕಟ್ಟು ಮೇಷ್ಟ್ರು ಹಾಕಿದ ರೈಟ್ ಗುರುತಿನಂತೆ ನೆಟ್ಟಗೆ ನಿಂತಿರುತ್ತದೆ, ಕನ್ನಡದ್ದು ಅಡ್ಡಡ್ಡ ಮಲಗಿಬಿಡುತ್ತದೆ. ಮಲಗಿದವರನ್ನು ಗುರುತಿಸಲು ನನಗೆ ಹೊತ್ತು ಬೇಕಾಗುತ್ತಿತ್ತು.

ಬೆಳಗಿನ ಪಾಳಿ ಮುಗಿಸಿ ಬಂದ ಮಧ್ಯಾಹ್ನಗಳಲ್ಲಿ ನಾನು ಪಾಟಿಯಿಂದ ಜೋರಾಗಿ ಓದುತ್ತಿದ್ದೆ, ಆಯಿ ಗೋಡೆಗೆ ಒರಗಿ ಕೇಳುತ್ತಿದ್ದಳು. ಸಂಶಯ ಬಂದರೆ ಪುಸ್ತಕ ತೆರೆದು ಭೂತಗನ್ನಡಿ ಇಡುವುದು.

"ಅರಸನು ಬಂದವರಿಗೆಲ್ಲ ದನವನ್ನು ಹಂಚಿದನು," ಎಂದು ಓದಿದೆ.

"ಏನ ಹಂಚಿದ?"

"ದನ."

"ಧನಾನೋ, ಹುಚ್ಚಪ್ಪ! ರೊಕ್ಕ! ಹೊಟ್ಟಿ ಸೀಳಿದ ಧ ಅದು. ಹೊಟ್ಟಿಯಿಂದ ಉಸಿರು ಬಿಟ್ಟು ಹೇಳು."

"ಇಲ್ಲಿ ದನ ಅಂತನs ಐತಿ ಆಯಿ."

"ಆ ಫೋನಿಗೂ ನಿನಗೂ ಒಬ್ಬವನs ಮಾಸ್ತರ ಕಲಿಸಿದಾನೇನು? ದನಾ ಹಂಚಿದ್ರ ಹಂಚ್ಲಿ ಬಿಡು, ಬಂದವ್ರಿಗೆ ಹಾಲರೆ ಸಿಗ್ತಿತ್ತು."

ಹೀಗೆ ನಗಾಡಿಕೊಂಡೇ ಒತ್ತಕ್ಷರ ಕಲಿತೆ, ಮಹಾಪ್ರಾಣ ಕಲಿತೆ. ಮೀಸೆ ಬಂದ ಮೇಲೆ ಅಕ್ಷರಾಭ್ಯಾಸ, ಅದೂ ಪಾಟಿಯ ಮೇಲೆಯೇ. ವಾರ ಕಳೆದಂತೆ ಓದು ಸಲೀಸಾಯಿತು. ಸಲೀಸಾದಂತೆ ಹಳೇ ಚಾಳಿ ಎದ್ದಿತು. ಆಯಿಯ ದನಿಯಲ್ಲೇ ಓದತೊಡಗಿದೆ, ಅವಳ ಎಳೆತ, ಅವಳ ಕೆಮ್ಮು ಸಮೇತ. ಅವಳು ಕಣ್ಣು ಮುಚ್ಚಿ ಕೇಳುತ್ತಾ, "ಕೆಮ್ಮು ಅಲ್ಲಿ ಬರಂಗಿಲ್ಲ, ಮುಂದಿನ ಸಾಲಿನಾಗ" ಎಂದು ಅದನ್ನೂ ತಿದ್ದಿದಳು. ಆಗ ನನಗೊಂದು ಹೊಳೆಯಿತು. ಗೇಟಿನಲ್ಲಿ ನಾನು ಸೂಚನೆ ಹೇಳುವ ರೀತಿ, ಆ ನಿಲುಗಡೆ, ಆ ಏರಿಳಿತ, ಯಾವ ತರಬೇತಿಯದೂ ಅಲ್ಲ. ವಿಮಾನ ತಡವಾಗಿದೆ ಎಂದು ಮೂರು ಭಾಷೆಯಲ್ಲಿ ನಾನು ಹೇಳುವಾಗಲೆಲ್ಲ ಆಯಿ ಪುರಾಣ ಓದುತ್ತಿರುತ್ತಾಳೆ. ಅಣಕಿಸಿದ್ದೇನೆ ಎಂದುಕೊಂಡಿದ್ದೆ. ಪುಣ್ಯಕ್ಕೆ, ಕಲಿಯುತ್ತಿದ್ದೆ.

ಮೊದಲ ಸೋಮವಾರ ಬಂತು. ಹೆಂಗಸರು ಬಂದರು. ಪೀಠದ ಮೇಲೆ ಪುಸ್ತಕವಿಲ್ಲ, ಪಾಟಿ ಇದೆ. ಹಿಂದಿನ ಬೀದಿಯ ಹಿರಿಯಾಕೆ, ನಾವೆಲ್ಲ ಕಾಕು ಎಂದು ಕರೆಯುವವರು, ಬಾಗಿಲಲ್ಲೇ ನಿಂತರು. ಈ ಗುಂಪಿನಲ್ಲಿ ಅವರ ಮಾತು ಮುಂದೆ, ಉಳಿದವರದು ಹಿಂದೆ.

"ಇದೇನ್ರಿ, ಮೊಬೈಲ್‌ನಾಗ ಪುರಾಣ?"

"ಮೊಬೈಲ್ ಅಲ್ರಿ ಕಾಕು, ಫೋನ್ ಬರಂಗಿಲ್ಲ ಇದಕ್ಕ," ಎಂದೆ ಹೊಸ್ತಿಲಿನಿಂದ.

"ಫೋನೂ ಬರಂಗಿಲ್ಲ? ಮತ್ಯಾಕ ಅದು? ಇರ್ಲಿ, ಓದೋದು ಅದ್ರಾಗ ಅಂದ್ಮ್ಯಾಲ ಪೂಜಾ ಅದಕ್ಕs ಆಗ್ಬೇಕಲ್ಲ."

ನಾನು ಏಳುವುದರೊಳಗೆ ಕಾಕುವಿನ ಬೆರಳು ಅರಿಶಿನ ಹಚ್ಚಿಬಿಟ್ಟಿತು. ಬೆರಳು ತಾಗಿದ ತೆರೆ ಹಾಳೆ ತಿರುವಿತು. ಕುಂಕುಮ ಹಚ್ಚಿದರು, ಇನ್ನೊಂದು ಹಾಳೆ. ಆಮೇಲೆ ಸಾಲಾಗಿ ಬಂದು ಒಬ್ಬೊಬ್ಬರೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ಒಳಗೆ ರಾಣಿಗೆ ಮದುವೆಯಾಗಿ, ಮಗುವಾಗಿ, ಆ ಮಗು ಬೆಳೆದು ಕಾಡಿಗೂ ಹೋಗಿತ್ತು.

"ಓಡಾಕತ್ತೈತ್ರಿ ಇದು!" ಎಂದು ಯಾರೋ ಕೂಗಿದರು.

ಎದುರುಮನೆಯಾಕೆ ಸೆರಗಿನ ತುದಿಯಿಂದ ತೆರೆ ಒರೆಸಿದರು. ಆ ಒರೆಸುವಿಕೆಗೆ ಮಗು ಕಾಡಿನಿಂದ ವಾಪಸ್ಸು ಬಂತು. "ಅಜ್ಜೀ, ಪೂಜೆ ಪುಸ್ತಕಕ್ಕೆ ಮಾಡೋಣ, ಓದೋದು ಇದರಲ್ಲಿ ಓದಿ. ಇಬ್ಬರಿಗೂ ಬೇಜಾರಾಗಲ್ಲ," ಎಂದರು. ಪುಸ್ತಕ ಬಂದು ಪೀಠವೇರಿತು, ವರ್ಷಗಳ ಕುಂಕುಮದ ಮೇಲೆ ಈ ವರ್ಷದ್ದೂ ಬಿತ್ತು. ಪಾಟಿ ಆಯಿಯ ಕೈಗೆ ಹೋಯಿತು. ನಾನು ಮೊದಲ ಪುಟಕ್ಕೆ ತಂದುಕೊಟ್ಟೆ.

ಕಾಕು ಕೂರುತ್ತಾ, ಪ್ರೀತಿಯಿಂದಲೇ ಅಂದರು: "ನಿಮಗ್ಯಾಕ್ರಿ ಇದೆಲ್ಲಾ? ಕಣ್ಣು ಮುಚ್ಚಿದ್ರೂ ಬಾಯಿಲೆ ಬರ್ತೈತಿ."

ಹೊಗಳಿಕೆಯೇ ಅದು. ಆಯಿಯ ಮುಖ ಮಾತ್ರ ಚಿಕ್ಕದಾಯಿತು. ಹೋದ ವರ್ಷದ ಸಂಗತಿ ಇವರಿಗೆಲ್ಲ ತಿಳಿದೇ ಇತ್ತೋ ಎಂದು ಅವಳು ಯೋಚಿಸುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಇನ್ನು ಅವಳು ಎಷ್ಟು ಸರಿಯಾಗಿ ಓದಿದರೂ ಬಾಯಿಪಾಠ ಎಂದೇ ಕೇಳಿಸುತ್ತದಲ್ಲ?

ಓದು ಶುರುವಾಯಿತು. ಅಭ್ಯಾಸಬಲದಿಂದ ಬೆರಳನ್ನು ನಾಲಿಗೆಗೆ ಮುಟ್ಟಿಸಿ ತೆರೆಗೆ ಒತ್ತುತ್ತಿದ್ದಳು. ಹಾಳೆ ಸದ್ದಿಲ್ಲದೆ ಹೋಗುತ್ತಿತ್ತು, ಯಾರಿಗೂ ಕಾಲು ಬದಲಿಸುವ ಹೊತ್ತು ತಿಳಿಯದೆ ಮೊಣಕಾಲುಗಳು ನರಳತೊಡಗಿದವು. ನಾನು ಹೊಸ್ತಿಲಲ್ಲಿ ಕುಳಿತು ಬಾಯಿಂದ "ಸರಕ್" ಎಂದೆ. "ಶಿವಾ" ಎಂದು ಎಲ್ಲರೂ ಕಾಲು ಬದಲಿಸಿದರು. ಅವ್ವ ಲಟ್ಟಣಿಗೆ ತೋರಿಸಿದಳು. ಆದರೂ ಅವತ್ತಿಡೀ ಹಾಳೆ ನಾನೇ.

ಸಿಟ್ಟುಗೊಂಡ ಅರಸನ ಮುಂದೆ ರಾಣಿ ಬರುವ ಜಾಗ ಬಂತು. ಆಯಿ ದನಿ ಇಳಿಸಿದಳು. "ಆಗ ರಾಣಿಯು ಕಣ್ಣೀರು ತುಂಬಿ, ಪತಿಯ ವಾದಕ್ಕೆ ಎರಗಿದಳು."

ಜಮಖಾನೆಯ ಮೇಲೆ ತಲೆಗಳೆಲ್ಲ ಎದ್ದವು.

"ಏನಂದ್ರಿ? ಪಾದಕ್ಕಲ್ಲೇನ್ರಿ?" ಕಾಕು.

ಪ ಇದ್ದಲ್ಲಿ ಫೋನು ವ ಮಾಡಿತ್ತು. ತಿದ್ದುವಾಗ ಆ ಪುಟವನ್ನು ನಾನು ಆಯಿಯ ದನಿಯಲ್ಲಿ, ಆಯಿಯ ಅಮಲಿನಲ್ಲಿ ಓದಿದ್ದೆ. ಎಷ್ಟೋ ಶ್ರಾವಣ ಕೇಳಿದ ಸಾಲು, ನನ್ನ ಬಾಯಿ ತಾನಾಗಿ "ಪಾದ" ಎಂದುಬಿಟ್ಟಿತ್ತು. ಕೇಳುವವಳಿಗೆ ತಪ್ಪು ಸಿಗುವುದಾದರೂ ಹೇಗೆ?

ಆಯಿ ಪಾಟಿಯನ್ನು ಹತ್ತಿರ ತಂದಳು, ತಲೆ ಓರೆ ಮಾಡಿದಳು. "ವಾ. ದ. ಕ್ಕೆ," ಎಂದು ಒಂದೊಂದಾಗಿ ಓದಿದಳು. "ಹಿಂಗs ಐತ್ರಿ ಇಲ್ಲಿ."

ಎದುರುಮನೆಯಾಕೆ ಬಗ್ಗಿ ನೋಡಿದರು. "ಹೌದು, ವಾದ ಅಂತಾನೇ ಇದೆ. ಅಜ್ಜಿ ಇರೋದನ್ನೇ ಓದಿದಾರೆ."

ಆಯಿ ಆ ಪದವನ್ನು ಇನ್ನೊಮ್ಮೆ ಓರೆಯಾಗಿ ನೋಡಿದಳು. ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಪಾಟಿಯನ್ನು ಎದೆಗೆ ಒತ್ತಿಕೊಂಡು (ಇನ್ನೆರಡು ಹಾಳೆ ಹೋದವು) ನಕ್ಕಳು.

"ನೋಡ್ರವಾ! ಬಾಯಿಲೆ ಹೇಳಿದ್ದಿದ್ರ ಪಾದ ಅಂತಿದ್ದೆ! ನಾ ಓದೀನಿ! ಖರೇನs ಓದೀನಿ!"

ತಪ್ಪು ಓದಿ ಅಷ್ಟು ಹಿಗ್ಗಿದವರನ್ನು ನಾನು ಬೇರೆ ಕಂಡಿಲ್ಲ. ಕಾಕುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಎದ್ದು ಬಂದು ಆಯಿಯ ಗಲ್ಲ ಹಿಡಿದು ನೆಟಿಗೆ ಮುರಿದರು. ಪುರಾಣ ಅವತ್ತು ಮುಂದೆ ಹೋಗಲಿಲ್ಲ. ರಾಣಿ ಗಂಡನ ಜೊತೆ ವಾದಕ್ಕೇ ಇಳಿದಿದ್ದರೆ ಏನಾಗುತ್ತಿತ್ತು ಎಂಬ ಚರ್ಚೆ ಎದ್ದು, ಒಬ್ಬೊಬ್ಬರೂ ತಮ್ಮ ತಮ್ಮ ಅರಸರ ಕಥೆ ತೆಗೆದರು. ಅವನ್ನು ಇಲ್ಲಿ ಬರೆಯುವಂತಿಲ್ಲ, ಆ ಅರಸರಲ್ಲಿ ಕೆಲವರು ನನಗೆ ಬೀದಿಯಲ್ಲಿ ಎದುರಾಗುತ್ತಾರೆ.

ಎಲ್ಲರೂ ಹೋದ ಮೇಲೆ ಆಯಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಳು, ಪಾಟಿಯನ್ನು ನನಗೆ ಕೊಟ್ಟಳು. ಅದರ ಮೂಲೆಯಲ್ಲಿ ಇನ್ನೂ ಅರಿಶಿನವಿತ್ತು.

"ಆ ವಾದ ಹಂಗs ಇರ್ಲೇನು ಆಯಿ? ಭಾಳ ಮಂದಿಗೆ ಸೇರೇತಿ."

"ಏ, ಪುರಾಣ ಐತೋ ಅದು, ನಿನ್ನ ನಾಟಕ ಅಲ್ಲ. ಈಗs ತಿದ್ದು, ನನ್ನ ಮುಂದ." ಪಕ್ಕದಲ್ಲಿ ಕುಳಿತು ನನ್ನ ಬೆರಳನ್ನೇ ಓರೆಗಣ್ಣಿನಿಂದ ನೋಡಿದಳು. "ಮುಂದಿನ ವರ್ಷ ಓದೋವಾಗ ನನಗ ಸರಿಯಾಗಿ ಬೇಕು."

ವ ಅಳಿಸಿ ಪ ಹಾಕಿದೆ. ಆಯಿ ಅದನ್ನು ಓದಿ ನೋಡಿದಳು, ಸರಿ ಎಂದಳು.